ಕಲಾಯಿ ಹಾಕಿದ ಚಮಚದ ಬೆನ್ನುಹತ್ತಿ

ನಾನು ಹುಡುಕಹೊರಟದ್ದು ಒಂದು ಚಮಚವನ್ನು. ಹಿಡಿ ಇಲ್ಲದ ಚಮಚ. ಎರಡು ತುದಿಗೂ ತೂತು, ಒಂದು ತೂತಿಗೆ ದಾರ ಕಟ್ಟುವ ಬಳೆ, ಇನ್ನೊಂದಕ್ಕೆ ಮೂರು ಮುಳ್ಳಿನ ಗಾಳ. ಹೊರಮೈ ತಾಮ್ರದ ಕೆಂಪು, ಒಳಮೈ ಬಿಳುಪು. ನೀರಿಗೆ ಎಸೆದು ಎಳೆದರೆ ಗಾಯಗೊಂಡ ಸಣ್ಣ ಮೀನಿನಂತೆ ಹೊರಳಾಡುತ್ತದೆ, ದೊಡ್ಡ ಮೀನು ಮೋಸಹೋಗಿ ಬಾಯಿ ಹಾಕುತ್ತದೆ. ಗಾಳ ಹಾಕುವವರು ಇದನ್ನು ಸ್ಪೂನ್ ಎನ್ನುತ್ತಾರೆ. ಅಜ್ಜ ಚಮಚ ಎನ್ನುತ್ತಿದ್ದರು.

ಅಜ್ಜ ಕೊಡಗಿನ ಸಿದ್ದಾಪುರದ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದವರು. ಆಳುಗಳ ಹಾಜರಿ, ಕೂಲಿ, ಗೊಬ್ಬರದ ಲೆಕ್ಕವೆಲ್ಲ ಅವರದು. ಭಾನುವಾರ ಮಾತ್ರ ಕಾವೇರಿಯದು. ಅಪ್ಪ ಹುಡುಗನಾಗಿದ್ದಾಗಲೇ ಮುಂಬಯಿಗೆ ಬಂದು, ಹಗಲು ಫೋರ್ಟಿನ ಹೋಟೆಲೊಂದರಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದರು. ಮುಂದೆ ನಮ್ಮ ಸಂಸಾರ ಐರೋಲಿಗೆ ಬಂತು. ಊರಿನ ಮನೆ ಪಾಲಾದಾಗ ಅಜ್ಜನ ತಗಡಿನ ಪೆಟ್ಟಿಗೆ ಯಾರ ಪಾಲಿಗೂ ಬರಲಿಲ್ಲ. ಅದರಲ್ಲಿದ್ದ ಚಮಚ ಏನಾಯಿತೆಂದು ಕೇಳಿದವರೂ ಇಲ್ಲ. ರಜೆಯಲ್ಲಿ ಅದನ್ನು ಹಿಡಿದು ನೋಡಿದ ನೆನಪು ನನಗಿತ್ತು. ಅದೇ ಸಿಗದಿದ್ದರೂ ಅಂಥದೊಂದು ಸಿಕ್ಕೀತು, ಎಲ್ಲಿ ತಯಾರಾದದ್ದು, ಅಜ್ಜನ ಕೈಗೆ ಹೇಗೆ ಬಂತು ಎಂಬುದಾದರೂ ತಿಳಿದೀತು ಎಂದುಕೊಂಡು ಹೊರಟೆ.

ಖಾಡಿಯಲ್ಲಿ ಚಮಚಕ್ಕೆ ಕೆಲಸವಿಲ್ಲ

ಐರೋಲಿಯವರಿಗೆ ಮೀನಿನ ವಿಷಯ ಕೇಳಲು ದೂರ ಹೋಗಬೇಕಿಲ್ಲ. ಐ.ಟಿ. ಪಾರ್ಕಿನ ಗಾಜಿನ ಕಟ್ಟಡಗಳಿಂದ ಸ್ವಲ್ಪ ದೂರದಲ್ಲೇ ದಿವಾ ಕೋಳಿವಾಡವಿದೆ. ನವಿ ಮುಂಬಯಿ ಹುಟ್ಟುವ ಮೊದಲೇ ಇಲ್ಲಿದ್ದ ಕೋಳಿ, ಆಗ್ರಿ ಸಮುದಾಯದವರು ಇಂದಿಗೂ ಠಾಣೆ ಖಾಡಿಗೆ ದೋಣಿ ಇಳಿಸುತ್ತಾರೆ. ಕಾಂಡ್ಲಾ ಕಾಡಿನ ಅಂಚಿನಲ್ಲಿ ಅರಣ್ಯ ಇಲಾಖೆಯ ಕರಾವಳಿ ಮತ್ತು ಸಾಗರ ಜೀವವೈವಿಧ್ಯ ಕೇಂದ್ರ 2017ರಿಂದ ನಡೆಯುತ್ತಿದೆ. ಚಳಿಗಾಲದಲ್ಲಿ ಫ್ಲೆಮಿಂಗೊ ನೋಡುವವರ ದೋಣಿಗಳು ಅಲ್ಲಿಂದಲೇ ಹೊರಡುತ್ತವೆ. ಖಾಡಿಯ ಒಂದು ಭಾಗ 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯವಾಯಿತು, 2022ರಲ್ಲಿ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೂ ಸೇರಿತು.

ಕೋಳಿವಾಡದ ಹಿರಿಯರೊಬ್ಬರಿಗೆ ನಾನು ಬಿಡಿಸಿದ ಚಮಚದ ಚಿತ್ರ ತೋರಿಸಿದೆ. ಬಲೆಯ ಹರಕು ಹೊಲಿಯುತ್ತಿದ್ದವರು ಕತ್ತೆತ್ತಿ ನೋಡಿ ನಕ್ಕರು. "ಈ ನೀರಲ್ಲಿ ಮೀನಿಗೆ ಮೀನೇ ಕಾಣೋದಿಲ್ಲ. ನಿಮ್ಮ ಚಮಚ ಯಾರ ಕಣ್ಣಿಗೆ ಬೀಳಬೇಕು?"

ಅವರ ಮಾತಿನಲ್ಲಿ ಇಡೀ ವಿದ್ಯೆಯ ಸಾರವಿತ್ತು. ಲೋಹದ ಚಮಚ ಮುಖ್ಯವಾಗಿ ಮೀನಿನ ಕಣ್ಣನ್ನು ನಂಬಿಕೊಂಡ ಸಾಧನ. ಎಳೆದಾಗ ಅದರ ತಗ್ಗಾದ ಮೈಗೆ ನೀರು ಒಮ್ಮೆ ಈ ಬದಿಯಿಂದ, ಒಮ್ಮೆ ಆ ಬದಿಯಿಂದ ಒತ್ತುತ್ತದೆ. ಚಮಚ ಎಡಬಲಕ್ಕೆ ಹೊಯ್ದಾಡುತ್ತದೆ, ಹೊಯ್ದಾಟಕ್ಕೊಮ್ಮೆ ಬೆಳಕು ಮಿಂಚುತ್ತದೆ. ಆ ಕಂಪನವನ್ನು ಮೀನು ಪಕ್ಕೆಯ ಮೇಲಿನ ಸಂವೇದನೆಯ ಗೆರೆಯಿಂದ ಗ್ರಹಿಸುತ್ತದೆಯಾದರೂ ಕೊನೆಗೆ ಮೇಲೆರಗುವುದು ಮಿಂಚನ್ನು ನೋಡಿ. ಭರತ ಇಳಿತಗಳಿಗೆ ಕೆಸರು ಕಲಕುವ ಖಾಡಿಯಲ್ಲಿ ಅದು ನಡೆಯದು. ಇಲ್ಲಿ ನೀರಿನ ಸೆಳೆತಕ್ಕೆ ಬಾಯಿ ತೆರೆದು ನಿಲ್ಲುವ ಚೀಲದಂಥ ಬೋಕ್ಷಿ ಬಲೆಗೆ ಸೀಗಡಿ ಬೀಳುತ್ತದೆ, ಕೆಸರಿನ ಬಿಲಗಳಿಂದ ಏಡಿ ಬರುತ್ತದೆ, ಅದೃಷ್ಟವಿದ್ದರೆ ಜಿತಾಡಾ ಎಂಬ ದುಬಾರಿ ಮೀನು ಸಿಗುತ್ತದೆ. ಚಮಚಕ್ಕೆ ತಿಳಿನೀರು ಬೇಕು, ಹರಿವು ಬೇಕು, ಬೇಟೆಯಾಡಿ ತಿನ್ನುವ ಮೀನು ಬೇಕು. ಮುಂಗಾರಿನ ಕೆನ್ನೀರು ಇಳಿದು, ತುಲಾ ಸಂಕ್ರಮಣ ಕಳೆದು, ಹುತ್ತರಿಯ ಹೊತ್ತಿಗೆ ಕಾವೇರಿಯ ತಳದ ಕಲ್ಲು ಕಾಣತೊಡಗಿದ ಮೇಲೆಯೇ ಅಜ್ಜ ಪೆಟ್ಟಿಗೆ ತೆಗೆಯುತ್ತಿದ್ದದ್ದು ಏಕೆಂದು ನನಗೆ ಅರ್ಥವಾದದ್ದು ಐರೋಲಿಯ ಈ ಕೆಸರು ದಂಡೆಯಲ್ಲಿ.

ಸರೋವರಕ್ಕೆ ಬಿದ್ದ ಚಮಚ

ಚಮಚ ಗಾಳವಾದದ್ದಕ್ಕೆ ಅಮೆರಿಕದಲ್ಲೊಂದು ದಂತಕಥೆಯಿದೆ. ವರ್ಮಾಂಟ್ ರಾಜ್ಯದ ಜೂಲಿಯೋ ಬ್ಯುಯೆಲ್ ಎಂಬ ಹುಡುಗ ದೋಣಿಯಲ್ಲಿ ಕೂತು ಉಣ್ಣುತ್ತಿದ್ದಾಗ ಚಮಚ ಕೈಜಾರಿ ಸರೋವರಕ್ಕೆ ಬಿತ್ತಂತೆ. ಹೊರಳುತ್ತ ಇಳಿಯುತ್ತಿದ್ದ ಅದಕ್ಕೆ ದೊಡ್ಡ ಮೀನೊಂದು ಬಾಯಿ ಹಾಕಿತಂತೆ. ಕಥೆ ಹೇಗಾದರೂ ಇರಲಿ, ಬ್ಯುಯೆಲ್ 1852ರಲ್ಲಿ ಚಮಚದ ಗಾಳಕ್ಕೆ ಪೇಟೆಂಟ್ ಪಡೆದದ್ದು ನಿಜ. ಉತ್ತರ ಯುರೋಪಿನ ಬೆಸ್ತರು ಲೋಹದ ತುಂಡಿಗೆ ಗಾಳ ಕಟ್ಟಿ ಎಳೆಯುತ್ತಿದ್ದದ್ದು ಅದಕ್ಕಿಂತಲೂ ಹಳೆಯದು.

ಕೃತಕ ಮೀನಿನ ಇನ್ನೊಂದು ದಾರಿ ಮರದ್ದು. ಫಿನ್ಲೆಂಡಿನ ಬಡ ಬೆಸ್ತ ಲೌರಿ ರಾಪಾಲಾ, ದೊಡ್ಡ ಮೀನುಗಳು ಹಿಂಡಿನಲ್ಲಿ ಓಲಾಡುತ್ತ ಈಜುವ ಗಾಯಾಳು ಮರಿಯನ್ನೇ ಆರಿಸಿ ಹಿಡಿಯುವುದನ್ನು ಗಮನಿಸಿ, 1936ರಲ್ಲಿ ಬೆಂಡು ಕೆತ್ತಿ ಅಂಥ ಮರಿ ಮಾಡಿದ. ಹೊಳಪಿಗೆ ಚಾಕೊಲೇಟಿನ ಬೆಳ್ಳಿ ಹಾಳೆ ಸುತ್ತಿದ, ನೀರು ತಾಕದಂತೆ ಫೋಟೊ ನೆಗೆಟಿವ್ ಕರಗಿಸಿ ಬಳಿದ. ಇಂದು ಜಗತ್ತಿನೆಲ್ಲೆಡೆ ಮಾರುವ ಆ ಕಂಪನಿಯ ಮೂಲ ಈ ಅಡುಗೆಮನೆಯ ಕಸುಬೇ.

ಹಳೆಯ ಗಾಳಗಳನ್ನು ಕೂಡಿಡುವ ಹುಚ್ಚೂ ದೊಡ್ಡದಿದೆ. ಅಮೆರಿಕದಲ್ಲಿ ಸಂಗ್ರಾಹಕರ ರಾಷ್ಟ್ರೀಯ ಸಂಘ 1976ರಷ್ಟು ಹಿಂದೆಯೇ ಹುಟ್ಟಿತು. ಓಹಿಯೊದ ರೈಲಿ ಹ್ಯಾಸ್ಕೆಲ್ 1859ರಲ್ಲಿ ಪೇಟೆಂಟ್ ಪಡೆದ ತಾಮ್ರದ ಮೀನೊಂದು 2003ರ ಹರಾಜಿನಲ್ಲಿ ಒಂದು ಲಕ್ಷ ಡಾಲರಿಗೂ ಮಿಕ್ಕಿ ಮಾರಾಟವಾಯಿತು. ಈ ಸುದ್ದಿ ಓದಿದವರು ಅಟ್ಟ ಹತ್ತುವುದು ಸಹಜ. ನಮ್ಮ ಕಡೆಯ ಚಮಚಗಳಿಗೆ ಅಂಥ ಬೆಲೆಯಿಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ.

ಮಂಗಳೂರಿನ ಕಲೆಕ್ಟರ್ ಸಾಹೇಬರು

ಕನ್ನಡನಾಡಿನ ಹೊಳೆಗಳಿಗೆ ಈ ಸಾಮಾನು ಬಂದ ಕಥೆಯಲ್ಲಿ ತಪ್ಪಿಸಲಾಗದ ಹೆಸರು ಹೆನ್ರಿ ಸಲ್ಲಿವನ್ ಥಾಮಸ್. ಮದ್ರಾಸ್ ಸಿವಿಲ್ ಸರ್ವೀಸಿನ ಈತ ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ. ಕಂದಾಯ ವಸೂಲಿಯ ನಡುವೆ ಜಿಲ್ಲೆಯ ಹೊಳೆಗಳಲ್ಲೆಲ್ಲ ಗಾಳ ಹಾಕಿದ. 1870ರಲ್ಲಿ ದಕ್ಷಿಣ ಕನ್ನಡದ ಮೀನು ಸಾಕಣೆಯ ಬಗ್ಗೆ ಸರ್ಕಾರಕ್ಕೆ ವರದಿ ಬರೆದ. 1873ರಲ್ಲಿ 'ದಿ ರಾಡ್ ಇನ್ ಇಂಡಿಯಾ' ಎಂಬ ಪುಸ್ತಕ ತಂದ. ಭಾರತದಲ್ಲಿ ಗಾಳ ಹಿಡಿದ ಬಿಳಿಯರಿಗೆಲ್ಲ ಗುರುಗ್ರಂಥವಾದ ಆ ಪುಸ್ತಕದ ಮೊದಲ ಆವೃತ್ತಿ ಹೊರಬಿದ್ದದ್ದು ಲಂಡನ್ನಿನಲ್ಲಲ್ಲ, ಮಂಗಳೂರಿನಲ್ಲಿ. ಲಂಡನ್ನಿನ ಆವೃತ್ತಿಗಳು 1881 ಮತ್ತು 1897ರಲ್ಲಿ ಬಂದವು.

ಥಾಮಸ್‌ನ ಕಣ್ಣೆಲ್ಲ ಮಹಸೀರ್ ಮೇಲೆ. ನಾವು ತುಳುವಿನಲ್ಲಿ ಪೆರುವೋಲು ಎನ್ನುವ, ಕಾವೇರಿ ದಂಡೆಯವರು ಬಿಳಿಮೀನು ಎನ್ನುವ, ಶಿಶಿಲ ಶೃಂಗೇರಿಗಳಲ್ಲಿ ದೇವರ ಮೀನೆಂದು ಅಕ್ಕಿ ಹಾಕಿ ಕೈಮುಗಿಯುವ ಮೀನು ಅದು. ತೂಕಕ್ಕೆ ತೂಕ ನೋಡಿದರೆ ಸೆಣಸಾಟದಲ್ಲಿ ಇಂಗ್ಲೆಂಡಿನ ಸಾಲ್ಮನ್ನನ್ನು ಇದು ಮೀರಿಸುತ್ತದೆ ಎಂಬುದು ಅವನ ವಾದ. ಮಹಸೀರಿನ ದವಡೆಯಲ್ಲಿ ಹಲ್ಲಿಲ್ಲ. ಗಂಟಲಿನ ಆಳದಲ್ಲಿ ಏಡಿ, ಶಂಖದ ಹುಳಗಳನ್ನು ಪುಡಿಮಾಡುವ ಹಲ್ಲುಗಳಿವೆ. ಹಾಗಾಗಿ ಇಂಗ್ಲೆಂಡಿನ ನಾಜೂಕಿನ ಗಾಳಗಳು ಇಲ್ಲಿ ನಿಲ್ಲುತ್ತಿರಲಿಲ್ಲ. ಅಲ್ಲಿನ ಆನಿಕ್ ಪಟ್ಟಣದಲ್ಲಿ 1872ರಲ್ಲಿ ಶುರುವಾದ ಹಾರ್ಡಿ ಬ್ರದರ್ಸ್ ಮೊದಲಾದ ಕಂಪನಿಗಳು ಮಹಸೀರಿಗೆಂದೇ ದಪ್ಪ ಗಾಳದ ಸ್ಪೂನುಗಳನ್ನು ಮಾಡಿ ಹಡಗೇರಿಸಿದವು. ತಾಮ್ರ, ಹಿತ್ತಾಳೆ, ಬೆಳ್ಳಿಯ ನೀರು ಕುಡಿಸಿದವು, ಬೆನ್ನು ಉಬ್ಬಿದ ಹಾಗ್‌ಬ್ಯಾಕ್ ಮಾದರಿಯವು ಹೀಗೆ ನಾನಾ ಬಗೆ. ಕೊಡಗು, ಚಿಕ್ಕಮಗಳೂರು, ನೀಲಗಿರಿಯ ತೋಟದ ದೊರೆಗಳ ಬಂಗಲೆಗಳಿಗೆ ಇವು ಬಂದವು.

ಥಾಮಸ್‌ನನ್ನು ಬರೀ ಮೋಜುಗಾರನೆನ್ನಲಾಗದು. ಮರಿಮೀನುಗಳನ್ನು ಬಾಚುವ ಸಣ್ಣ ಕಣ್ಣಿನ ಬಲೆ, ಹೊಳೆಗೆ ಕದಡುವ ವಿಷ, ಇವುಗಳ ವಿರುದ್ಧ ಅವನೂ 'ಫಿಷಸ್ ಆಫ್ ಇಂಡಿಯಾ' ಬರೆದ ಫ್ರಾನ್ಸಿಸ್ ಡೇಯೂ ವರದಿಯ ಮೇಲೆ ವರದಿ ಬರೆದರು. ಸಿಡಿಮದ್ದು, ವಿಷ ಬಳಸಿ ಮೀನು ಹಿಡಿಯುವುದನ್ನು ನಿಷೇಧಿಸಿದ ಭಾರತೀಯ ಮೀನುಗಾರಿಕೆ ಕಾಯ್ದೆ 1897ರಲ್ಲಿ ಬಂತು. ಆ ಕಾಯ್ದೆಗೆ ನೂರು ವರ್ಷ ತುಂಬುವುದಕ್ಕೆ ಒಂದು ವರ್ಷ ಮೊದಲು, 1996ರಲ್ಲಿ, ಅದೇ ದಕ್ಷಿಣ ಕನ್ನಡದ ಶಿಶಿಲದಲ್ಲಿ ಕಪಿಲಾ ಹೊಳೆಗೆ ಯಾರೋ ವಿಷ ಹಾಕಿ ಸಾವಿರಾರು ದೇವರ ಮೀನುಗಳು ಸತ್ತು ತೇಲಿದವು. ಶಿಶಿಲೇಶ್ವರ ದೇವಸ್ಥಾನದ ಬಳಿ ಅವುಗಳ ಸ್ಮಾರಕವಿದೆ.

ಮಟನ್ ಸ್ಟ್ರೀಟಿನ ಪರೀಕ್ಷೆ

ಬಂಗಲೆಗಳ ಸಾಮಾನು ಕೊನೆಗೆ ಸೇರುವುದು ಗುಜರಿಗೆ. ಮುಂಬಯಿಯಲ್ಲಿ ಗುಜರಿಯ ರಾಜಧಾನಿ ಚೋರ್ ಬಜಾರ್. ಐರೋಲಿಯಿಂದ ಠಾಣೆಗೆ ಲೋಕಲ್, ಅಲ್ಲಿ ಗಾಡಿ ಬದಲಿಸಿ ಸ್ಯಾಂಡ್‌ಹರ್ಸ್ಟ್ ರೋಡ್, ಅಲ್ಲಿಂದ ನಡಿಗೆ. ಮಟನ್ ಸ್ಟ್ರೀಟಿನ ಅಂಗಡಿಗಳಲ್ಲಿ ಗ್ರಾಮಫೋನು, ಹಡಗಿನ ದಿಕ್ಸೂಚಿ, ದೂರದರ್ಶಕಗಳ ರಾಶಿ. ಅರ್ಧಕ್ಕರ್ಧ ಹೊಸದಾಗಿ ಮಾಡಿ ಹಳೆಯ ಬಣ್ಣ ಬರಿಸಿದವು. ಗಾಳದ ಸಾಮಾನು ಕೇಳಿದರೆ ಅಂಗಡಿಯವರು ಹಿತ್ತಾಳೆಯ ರೀಲು ತೆಗೆದು ತೋರಿಸುತ್ತಾರೆ. ಸ್ಪೂನು ಕೇಳಿದರೆ, "ಸಾಬ್, ಅದಕ್ಕೆ ಗಿರಾಕಿ ಎಲ್ಲಿ?" ಎನ್ನುತ್ತಾರೆ. ಆದರೂ ಹುಡುಕುವವರಿಗೆ ಶುಕ್ರವಾರದ ನಸುಕಿನ ರಸ್ತೆ ಸಂತೆಯೇ ಮೇಲು. ಹರಡಿದ ಗೋಣಿಯ ಮೇಲೆ ಬೀಗದ ಕೈ, ನಲ್ಲಿಯ ತಿರುಪುಗಳ ನಡುವೆ ಸ್ಪೂನೂ ಸಿಗುತ್ತದೆ.

ಅಲ್ಲಿ ಸಿಕ್ಕದ್ದನ್ನು ಪೊವಾಯಿ ಕೆರೆಯ ಮಹಾರಾಷ್ಟ್ರ ರಾಜ್ಯ ಆ್ಯಂಗ್ಲಿಂಗ್ ಅಸೋಸಿಯೇಷನ್ನಿನ ಹಳಬರೊಬ್ಬರಿಗೆ ತೋರಿಸಿದೆ. ಪೊವಾಯಿ 1891ರಲ್ಲಿ ನಗರದ ನೀರಿಗೆಂದು ಕಟ್ಟಿದ ಕೆರೆ. ಅಲ್ಲಿ ಹಿಟ್ಟಿನ ಉಂಡೆ ಕಟ್ಟಿ ರೋಹು, ಕಾಟ್ಲಾಗಳಿಗೆ ಕಾಯುವವರೇ ಹೆಚ್ಚು. ಆದರೆ ಲೋಹ ಓದುವ ಪಾಠ ಅವರಿಂದ ಸಿಕ್ಕಿತು. ಹಳೆಯ ಸ್ಪೂನು ಗುರುತಿಸುವವರಿಗೆ ಅದು ಉಪಯೋಗವಾದೀತೆಂದು ಇಲ್ಲಿ ಹೇಳುತ್ತೇನೆ.

ಮೊದಲು ಮುದ್ರೆ ನೋಡಬೇಕು. ಹೆಸರಾಂತ ಕಂಪನಿಗಳು ಒಳಮೈಯಲ್ಲೋ ಅಂಚಿನಲ್ಲೋ ಹೆಸರು, ಅಳತೆ ಒತ್ತುತ್ತಿದ್ದವು. ಮುದ್ರೆಯಿಲ್ಲದಿದ್ದರೆ ತೂತು ನೋಡಬೇಕು: ಕಾರ್ಖಾನೆಯ ತೂತಿನ ಬಾಯಿ ನಯವಾಗಿರುತ್ತದೆ, ಮೊಳೆ ಹೊಡೆದು ಮಾಡಿದ ತೂತಿನ ಹಿಂಬದಿ ಲೋಹ ಎದ್ದಿರುತ್ತದೆ. ಅಂಚು ನೋಡಬೇಕು: ಅಚ್ಚಿನಲ್ಲಿ ಕತ್ತರಿಸಿದ್ದು ಒಂದೇ ಸಮ, ಅರದಿಂದ ಉಜ್ಜಿದ್ದು ಅಲ್ಲಲ್ಲಿ ಗೆರೆ ಗೆರೆ. ಗಾಳ ಮಾತ್ರ ನಂಬಿಕೆಗೆ ಯೋಗ್ಯವಲ್ಲ. ತುಕ್ಕು ಹಿಡಿದ ಹಳೆಯ ಗಾಳ ತೆಗೆದು ಹೊಸದು ಹಾಕುವುದು ಎಲ್ಲರೂ ಮಾಡುವ ಕೆಲಸ. ಇಂಗ್ಲೆಂಡಿನ ರೆಡಿಚ್ ಊರಿನ ಸ್ಪೂನಿಗೆ ನಾರ್ವೆಯ ಮುಸ್ತಾದ್ ಗಾಳ ತೂಗುತ್ತಿದ್ದರೆ ಅಚ್ಚರಿಪಡಬೇಕಿಲ್ಲ. ಕೊನೆಯದು ಬಿಳಿಮೈ. ಬೆಳ್ಳಿ ಅಥವಾ ನಿಕ್ಕಲ್‌ನ ವಿದ್ಯುತ್ ಲೇಪ ತೆಳುವಾಗಿ, ಎಲ್ಲ ಕಡೆ ಸಮವಾಗಿ ಕೂರುತ್ತದೆ, ಸವೆದಾಗ ಅಂಚಿನಿಂದ ಕೆಳಗಿನ ಲೋಹ ಇಣುಕುತ್ತದೆ.

"ನಿಮ್ಮ ಅಜ್ಜನ ಸ್ಪೂನಿನ ಬಿಳಿ ಹೇಗಿತ್ತು?" ಎಂದು ಅವರು ಕೇಳಿದರು. ಉತ್ತರ ನನ್ನಲ್ಲಿರಲಿಲ್ಲ. ಆ ರಾತ್ರಿ ಪುತ್ತೂರಿನಲ್ಲಿರುವ ಸೋದರತ್ತೆಗೆ ಫೋನು ಮಾಡಿದೆ.

ನವಸಾಗರದ ಹೊಗೆ

ಅತ್ತೆಗೆ ತೊಂಬತ್ತು ಹತ್ತಿರ. ಚಮಚ ಎಂದದ್ದೇ ತಡ, ನಗು ಕೇಳಿಸಿತು. "ಅದಾ ಮಾರಾಯ! ಕಲಾಯಿಯವ ಬಂದಾಗ ಅಪ್ಪ ಅದನ್ನೂ ಚೆಂಬು, ಪಾತ್ರೆಗಳ ಸಾಲಲ್ಲಿ ಇಡ್ತಿದ್ರು. ಅಮ್ಮನಿಗೆ ಸಿಟ್ಟು. ಮೀನಿನ ಬಾಯಿಗೆ ಹೋಗುವುದಕ್ಕೆ ಕಲಾಯಿ ಯಾಕೆ, ಸಾರಿನ ಪಾತ್ರೆಗೆ ಎರಡು ಸುತ್ತು ಜಾಸ್ತಿ ಹಾಕಿಸಿ ಅಂತ."

ನಾನು ಪೇಟೆಯಲ್ಲಿ ಹುಡುಕುತ್ತಿದ್ದ ಗುರುತು ಅಡುಗೆಮನೆಯಲ್ಲಿತ್ತು. ತಾಮ್ರದ ಪಾತ್ರೆಯನ್ನು ಕುಲುಮೆಯಲ್ಲಿ ಕಾಯಿಸಿ, ನವಸಾಗರದ ಪುಡಿ ಎರಚಿ, ತವರದ ತುಂಡು ತಾಗಿಸಿ ಹತ್ತಿಯಿಂದ ಒರೆಸುವ ಕೆಲಸ ನೋಡಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ತವರ 232 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಹಳ್ಳಿಯ ತಿದಿಯೇ ಸಾಕು. ಅದರ ಬಿಳುಪು ಬೆಳ್ಳಿಯಷ್ಟು ಕೋರೈಸುವುದಿಲ್ಲ, ಒರೆಸಿದ ದಿಕ್ಕಿನ ಗೆರೆಗಳು ಉಳಿಯುತ್ತವೆ. ಬೆಳ್ಳಿಯ ನೀರು ಕುಡಿಸಿದ ವಿಲಾಯತಿ ಸ್ಪೂನನ್ನು ಯಾರೂ ಬೆಂಕಿಗೆ ಹಿಡಿಯಲಾರರು. ಬರೀ ತಾಮ್ರವಾಗಿದ್ದರಿಂದಲೇ ಅಜ್ಜ ಅದಕ್ಕೆ ಕಲಾಯಿ ಹಾಕಿಸಿದ್ದು.

ಹಾಗಾದರೆ ತಾಮ್ರ ಎಲ್ಲಿಯದು? ಅತ್ತೆಯ ಮಾತಿನ ಜಾಡು ಹಿಡಿದು ಸಿದ್ದಾಪುರದ ಕಡೆಯ ಹಳೆಯ ತೋಟಗಳ ಕುಟುಂಬಗಳನ್ನು ವಿಚಾರಿಸಿದಾಗ ಒಂದು ಮನೆಯಲ್ಲಿ ಇನ್ನೊಂದು ಚಮಚ ಸಿಕ್ಕಿತು. ಆ ಮನೆಯ ಅಜ್ಜ ತೋಟದ ಫಿಟ್ಟರ್ ಆಗಿದ್ದವರು. ಹೊರಮೈ ಕೆಂಪು, ಒಳಗೆ ಕಲಾಯಿಯ ಅಳಿದುಳಿದ ಬಿಳಿ, ಅಂಚಿನಲ್ಲಿ ಅರದ ಗೆರೆ, ತೂತಿನ ಹಿಂದೆ ಎದ್ದ ಲೋಹ, ಮುದ್ರೆ ಇಲ್ಲ. ನನ್ನ ನೆನಪಿನಲ್ಲಿದ್ದದ್ದು ಇಂಥದೇ. ಮೊಮ್ಮಗ ಹೇಳಿದ ಪ್ರಕಾರ ಅದು ಪಲ್ಪರ್‌ನ ತಗಡು.

ಕಾಫಿ ತೋಟ ಕಂಡವರಿಗೆ ಇದು ಕೂಡಲೇ ಹೊಳೆಯುತ್ತದೆ. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಉರುಳೆಗೆ ಗುಬುಟು ಗುಬುಟಾಗಿ ಎತ್ತಿದ ತಾಮ್ರದ ತಗಡು ಸುತ್ತಿರುತ್ತಾರೆ. ಕೊಯ್ಲಿನಿಂದ ಕೊಯ್ಲಿಗೆ ಗುಬುಟು ಸವೆದಾಗ ತಗಡು ಬದಲಿಸಬೇಕು. ಬಿಚ್ಚಿದ ತಗಡಿನ ಸಪಾಟು ಅಂಚು ಫಿಟ್ಟರನ ಪಾಲು. ದೊರೆಯ ವಿಲಾಯತಿ ಸ್ಪೂನನ್ನು ಮಾದರಿಗಿಟ್ಟುಕೊಂಡು, ಅದರ ಅಳತೆಗೆ ಕತ್ತರಿಸಿ, ಮರದ ತಗ್ಗಿನಲ್ಲಿಟ್ಟು ಬಡಿದರೆ ಚಮಚ ಸಿದ್ಧ. ಸ್ವಾತಂತ್ರ್ಯದ ನಂತರ ಆಮದಿಗೆ ಲೈಸೆನ್ಸಿನ ಬಿಗಿ ಬಂದಾಗ ಕೊಳ್ಳುವವರಿಗೂ ವಿಲಾಯತಿ ಮಾಲು ಸಿಗುವುದು ಕಷ್ಟವಾಯಿತು. ರೈಟರ್ ಸಂಬಳದವರಿಗೆ ಅದು ಮೊದಲಿಂದಲೂ ದೂರದ ಮಾತೇ. ಆ ಮನೆಯವರು ಚಮಚ ಮಾರಲಿಲ್ಲ, ನಾನು ಬೆಲೆ ಕೇಳಲೂ ಇಲ್ಲ. ಕಾಗದದ ಮೇಲಿಟ್ಟು ಅದರ ಆಕಾರ ಗೀಚಿಕೊಂಡು ಬಂದೆ. ಅಜ್ಜನ ಚಮಚ ಆನಿಕ್‌ನಿಂದ ಬಂದದ್ದಲ್ಲ, ತೋಟದ ವರ್ಕ್‌ಶಾಪಿನಲ್ಲೇ ಹುಟ್ಟಿದ್ದು ಎಂಬುದರಲ್ಲಿ ನನಗೀಗ ಅನುಮಾನವಿಲ್ಲ.

ರಾಗಿ ಉಂಡೆಯ ಮುಂದೆ

ಆ ಚಮಚದಿಂದ ಅಜ್ಜ ಎಂಥ ಮೀನು ಹಿಡಿದಿರಬಹುದು? ಮನೆಯಲ್ಲಿ ಹೇಳುವ ಕಥೆಗಳಲ್ಲಿ ಮೀನು ವರ್ಷದಿಂದ ವರ್ಷಕ್ಕೆ ಬೆಳೆಯುವುದು ಎಲ್ಲ ಊರಿನ ರೂಢಿ. ಆದರೆ ಕಾವೇರಿಯ ವಿಷಯದಲ್ಲಿ ಲೆಕ್ಕಕ್ಕೆ ಸಿಕ್ಕ ಮೀನುಗಳೇ ಕಥೆಯನ್ನು ಮೀರಿಸುತ್ತವೆ. ಮೇಜರ್ ರಿವೆಟ್-ಕಾರ್ನಕ್ 1919ರಲ್ಲಿ ಕಾವೇರಿಯಲ್ಲಿ 119 ಪೌಂಡಿನ ಮಹಸೀರ್ ಹಿಡಿದರು. ಮೈಸೂರಿನಲ್ಲಿ ಹುಲಿ, ಚಿರತೆಗಳ ಚರ್ಮ ತುಂಬಿಸುವ ಪ್ರಖ್ಯಾತ ಕಾರ್ಖಾನೆ ನಡೆಸುತ್ತಿದ್ದ ವ್ಯಾನ್ ಇಂಗೆನ್ ಸೋದರರಲ್ಲೊಬ್ಬರಾದ ಡಿ ವೆಟ್ 1946ರಲ್ಲಿ ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್, ಎಂದರೆ 54 ಕಿಲೋಗೂ ಹೆಚ್ಚು. ಆ ದಾಖಲೆ ಬಹುಕಾಲ ಮುರಿಯಲಿಲ್ಲ.

ಆಮೇಲೆ ಕೆಲವು ದಶಕ ದೊಡ್ಡ ಮೀನಿನ ಸುದ್ದಿ ನಿಂತೇಹೋಯಿತು. 1977-78ರಲ್ಲಿ ಟ್ರಾನ್ಸ್‌ವರ್ಲ್ಡ್ ಫಿಶಿಂಗ್ ಟೀಮ್ ಎಂಬ ಹೆಸರಿನ ಇಂಗ್ಲಿಷ್ ತರುಣರ ತಂಡ ಬಂದು ಕಾವೇರಿಯಲ್ಲಿ ಮತ್ತೆ ಭಾರಿ ಮಹಸೀರ್ ಹಿಡಿದು ತೋರಿಸಿತು. ಆ ಬಳಿಕ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಕ್ಕಳಿ ಎಂಬ ನಮ್ಮ ಊರುಗಳ ಹೆಸರು ಲೋಕದ ಗಾಳಗಾರರ ಬಾಯಲ್ಲಿ ಓಡಾಡತೊಡಗಿತು. ಅಲ್ಲಿ ಗೆದ್ದ ಎರೆ ಯಾವುದೆಂದರೆ ರಾಗಿ ಹಿಟ್ಟಿನ ಉಂಡೆ! ಮಸಾಲೆ ಸೇರಿಸಿ ಕಲಸಿ, ಗಟ್ಟಿಯಾಗುವಂತೆ ಬೇಯಿಸಿ, ಗಾಳಕ್ಕೆ ಕಟ್ಟಿ ಬಂಡೆಗಳ ಮಡುವಿಗೆ ಬಿಡುವುದನ್ನು ಸ್ಥಳೀಯ ಬೆಸ್ತರು ಕಲಿಸಿಕೊಟ್ಟರು. ಮಂಡ್ಯ, ರಾಮನಗರದ ಮನುಷ್ಯರು ಉಣ್ಣುವುದನ್ನೇ ಅಲ್ಲಿನ ಮೀನೂ ಮೆಚ್ಚಿತೆಂದರೆ ಆಶ್ಚರ್ಯವೇನು! ಬೆಂಗಳೂರಿನ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ, ಸರ್ಕಾರದ ಜಂಗಲ್ ಲಾಡ್ಜಸ್, ಕೊಡಗಿನ ವಾಲ್ನೂರಿನಲ್ಲಿ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿ, ಇವೆಲ್ಲ ಹಿಡಿದ ಮೀನನ್ನು ತೂಗಿ ವಾಪಸು ಹೊಳೆಗೆ ಬಿಡುವ ಶಿಸ್ತು ತಂದವು.

ತೂಗಿ ಬರೆದಿಟ್ಟ ಆ ಪುಸ್ತಕಗಳೇ ಮುಂದೆ ದೊಡ್ಡ ಸಾಕ್ಷಿಯಾದವು. ಬೋರ್ನ್‌ಮತ್ ವಿಶ್ವವಿದ್ಯಾಲಯದ ಏಡ್ರಿಯನ್ ಪಿಂಡರ್, ಕೇರಳದ ರಾಜೀವ್ ರಾಘವನ್ ಮೊದಲಾದ ವಿಜ್ಞಾನಿಗಳು 1998ರಿಂದ 2012ರವರೆಗಿನ ಗಾಳಿಬೋರೆಯ ದಾಖಲೆಗಳನ್ನು ಲೆಕ್ಕಹಾಕಿದರು. 23,620 ಗಂಟೆಗಳ ಗಾಳಗಾರಿಕೆ, 6,161 ಮಹಸೀರ್. ಒಟ್ಟು ಮೀನು ಹೆಚ್ಚುತ್ತಿತ್ತು. ಆದರೆ ಹೆಚ್ಚುತ್ತಿದ್ದದ್ದು ನೀಲಿ ರೆಕ್ಕೆಯ ಮಹಸೀರ್. ಬೆನ್ನು ಗೂನಿನ, ಕಿತ್ತಳೆ ರೆಕ್ಕೆಯ, ನೂರು ಪೌಂಡ್ ಮೀರುವ ಕಾವೇರಿಯ ಮೂಲನಿವಾಸಿ ಮೀನಿನ ಮರಿಗಳು ಬಹುತೇಕ ಕಾಣೆಯಾಗಿದ್ದವು. ನೂರೈವತ್ತು ವರ್ಷ ಲೋಕವೆಲ್ಲ ಹಾಡಿ ಹೊಗಳಿದ ಆ ಗೂನುಬೆನ್ನಿನ ಮೀನಿಗೆ ಸರಿಯಾದ ಶಾಸ್ತ್ರೀಯ ಹೆಸರೇ ಇರಲಿಲ್ಲ! ಕೇರಳದ ಪಾಂಬಾರಿನಲ್ಲಿ ಸಿಕ್ಕ ಮೀನಿಗೆ 2007ರಲ್ಲಿ ಟಾರ್ ರೆಮಾದೇವಿ ಎಂದು ಹೆಸರಿಟ್ಟಿದ್ದರು. ಕಾವೇರಿಯದೂ ಅದೇ ಎಂದು ಈ ತಂಡ 2018ರಲ್ಲಿ ತೋರಿಸಿಕೊಟ್ಟಿತು. ಅದೇ ವರ್ಷ ಅದು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಕೆಂಪು ಪಟ್ಟಿ ಸೇರಿತು.

ನೀಲಿ ರೆಕ್ಕೆಯದು ಎಲ್ಲಿಂದ ಬಂತು? ಐರೋಲಿಯಲ್ಲಿ ಕೂತ ನನಗೆ ಈ ಉತ್ತರ ತೀರಾ ಹತ್ತಿರದ್ದು. ಲೋಣಾವಳಾದಲ್ಲಿ ಟಾಟಾ ಕಂಪನಿಯ ಕೆರೆಗಳಿವೆ. ಮುಂಬಯಿಗೆ 1915ರಿಂದ ಖೋಪೋಲಿಯ ಜಲವಿದ್ಯುತ್ ಕೊಟ್ಟ ಕೆರೆಗಳು. ಅಲ್ಲಿನ ವಳವಣದಲ್ಲಿ ಕಂಪನಿ 1970ರ ದಶಕದಿಂದ ಮಹಸೀರ್ ಮರಿ ಮಾಡಿಸುತ್ತಿದೆ. ಕೃಷ್ಣೆಯ ಕೊಳ್ಳದ, ಪುಣೆ ಕಡೆಯ ಹೊಳೆಗಳ ನೀಲಿ ರೆಕ್ಕೆಯ ತಳಿ ಅದು. ಮಹಸೀರ್ ಉಳಿಸುವ ಒಳ್ಳೆಯ ಉದ್ದೇಶದಿಂದಲೇ ಆ ಮರಿಗಳನ್ನು ನಾನಾ ಹೊಳೆಗಳಿಗೆ ಕೊಟ್ಟರು, ಕಾವೇರಿಗೂ ಬಿಟ್ಟರು. ಹೊರಗಿನ ಈ ಸೋದರ ಮೀನಿನ ಪೈಪೋಟಿಯೇ ಗೂನುಬೆನ್ನಿನದನ್ನು ಮೂಲೆಗೆ ತಳ್ಳಿತೆಂದು ಸಂಶೋಧಕರು ಶಂಕಿಸುತ್ತಾರೆ. ಅಣೆಕಟ್ಟು, ಮರಳುಗಾರಿಕೆ, ಸಿಡಿಮದ್ದುಗಳ ಕೈವಾಡವೂ ಕಡಿಮೆಯದಲ್ಲ.

ವನ್ಯಜೀವಿ ಕಾಯ್ದೆಯ ಹೆಸರಿನಲ್ಲಿ ಕಾವೇರಿ ಅಭಯಾರಣ್ಯದೊಳಗೆ ಗಾಳ ಹಾಕುವುದು ನಿಂತಿತು. ಅದು ಸರಿಯೋ ತಪ್ಪೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಗಾಳದ ಜೊತೆ ತೂಕದ ಪುಸ್ತಕವೂ ನಿಂತಿತು ಎಂಬುದು ಮಾತ್ರ ನಷ್ಟ.

ಉಜ್ಜುವ ಮುನ್ನ ಬರೆದಿಡಿ

2012ರ ಈಚಿನ ಮೀನು ಲೆಕ್ಕಕ್ಕೆ ಸಿಗಲಿಲ್ಲವಾದರೆ 1998ರ ಆಚಿನದು ಸಿಗುವುದು ಎಲ್ಲಿ? ಕ್ಲಬ್ಬಿನ ಗೋಡೆಯ ಫೋಟೊಗಳಲ್ಲಿ ದೊರೆಗಳ ಮೀನು ಸಿಗುತ್ತದೆ. ರೈಟರ್, ಫಿಟ್ಟರ್, ಬೆಸ್ತ, ಶಾಲೆಯ ಮೇಷ್ಟ್ರು ಹಿಡಿದ ಮೀನಿನ ಸುಳಿವು ಇರುವುದು ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಗಳಲ್ಲಿ, ತೊಂಬತ್ತರ ಹತ್ತಿರದ ಅತ್ತೆಯರ ನೆನಪಿನಲ್ಲಿ. ಮೂರಿಂಚಿನ ಚಮಚಕ್ಕೆ ಬಾಯಿ ಹಾಕುವ ಮೀನು ಆ ಹೊಳೆಯಲ್ಲಿ ಇತ್ತು, ಇಂಥ ತಿಂಗಳಲ್ಲಿ ಇತ್ತು, ರೆಕ್ಕೆ ಕಿತ್ತಳೆಯಿತ್ತೋ ನೀಲಿಯಿತ್ತೋ ಎಂಬ ಒಂದು ಸಾಲು ಸಿಕ್ಕರೂ ಮೀನಿನ ವಿಜ್ಞಾನಿಗೆ ಅದು ಬೆಲೆಬಾಳುವ ಮಾಹಿತಿ.

ಆದ್ದರಿಂದ ಇಷ್ಟು ಮಾಡಿ. ಮನೆಯಲ್ಲಿ ಹಳೆಯ ಗಾಳದ ಪೆಟ್ಟಿಗೆ ಇದ್ದರೆ ಹುಣಸೆಹಣ್ಣು ಹಾಕಿ ಉಜ್ಜಬೇಡಿ. ಕಿಲುಬಿನ ಜೊತೆ ಕಲಾಯಿ, ಮುದ್ರೆ, ಅರದ ಗೆರೆ ಎಲ್ಲ ಹೋಗುತ್ತದೆ. ತುಕ್ಕು ಗಾಳವನ್ನು ಬರಿಗೈಯಲ್ಲಿ ಮುಟ್ಟಬೇಡಿ. ಎರಡೂ ಮೈ ಕಾಣುವಂತೆ, ಪಕ್ಕದಲ್ಲೊಂದು ಸ್ಕೇಲು ಇಟ್ಟು ಫೋಟೊ ತೆಗೆಯಿರಿ. ಯಾರದು, ಯಾವ ಊರು, ಯಾವ ಹೊಳೆ, ಯಾವ ಕಾಲ, ಯಾವ ಮೀನು ಎಂಬ ಐದು ಪ್ರಶ್ನೆಗಳಿಗೆ ತಿಳಿದಷ್ಟು ಉತ್ತರ ಬರೆದು ಪೆಟ್ಟಿಗೆಯೊಳಗೇ ಇಡಿ. ಮೀನಿನ ಜೊತೆ ನಿಂತ ಹಳೆಯ ಫೋಟೊ ಇದ್ದರೆ ಅದರ ಹಿಂದೆ ಇಸವಿ ಬರೆಯಿರಿ. ಒಂದು ಪ್ರತಿಯನ್ನು ಹತ್ತಿರದ ಮೀನುಗಾರಿಕೆ ಕಾಲೇಜಿಗೋ ವನ್ಯಜೀವಿ ಸಂಘಕ್ಕೋ ಕಳಿಸಿ. ಇದೆಲ್ಲಕ್ಕೂ ಮೊದಲು ಮನೆಯ ಹಿರಿಯರಿಗೆ ಒಂದು ಫೋನು ಮಾಡಿ. ಚಮಚ ಕಾಯುತ್ತದೆ, ಹೇಳುವವರು ಕಾಯುವುದಿಲ್ಲ.